ಸ್ಪೇಸ್ ಬಾರ್ ಒತ್ತಿ ತಾಳ ಕೂರಿಸಬೇಡಿ

ಪ್ರಶ್ನೆ: ಮಕ್ಕಳಿಗೆ ಸಂಗೀತ ಪಾಠ ಹೇಳುತ್ತೇನೆ. ಸ್ವರಲಿಪಿಯನ್ನು ವರ್ಡ್‌ನಲ್ಲಿ ಟೈಪ್ ಮಾಡಿ ಕಳುಹಿಸಿದರೆ ಅವರ ಮೊಬೈಲಿನಲ್ಲಿ ಸಾಹಿತ್ಯ ಸ್ವರದ ಕೆಳಗೆ ನಿಲ್ಲುವುದಿಲ್ಲ. ಯಾವ ಫಾಂಟ್ ಬಳಸಲಿ?

ಉತ್ತರ: ಈ ಪ್ರಶ್ನೆ ಎಷ್ಟು ಸಲ ಬಂದಿದೆಯೆಂದರೆ ಈ ಬಾರಿ ಹೆಚ್ಚಿನ ಜಾಗವನ್ನು ಇದಕ್ಕೇ ಕೊಡುತ್ತಿದ್ದೇನೆ. ತಪ್ಪು ಫಾಂಟಿನದಲ್ಲ, ಸ್ಪೇಸ್ ಬಾರಿನದು. ಕನ್ನಡದ ಅಕ್ಷರಗಳು ಒಂದೇ ಅಗಲದವಲ್ಲ. ‘ಶ್ರೀ’ ಹಿಡಿಯುವಷ್ಟು ಜಾಗ ‘ಗ’ಕ್ಕೆ ಬೇಡ. ನಿಮ್ಮ ಪರದೆಯ ಮೇಲೆ ಏಳೆಂಟು ಸ್ಪೇಸ್ ಕೊಟ್ಟು ಹೊಂದಿಸಿದ್ದು ಇನ್ನೊಂದು ಫಾಂಟಿನಲ್ಲಿ ತೆರೆದೊಡನೆ ಜರುಗಿಬಿಡುತ್ತದೆ. ಜರುಗಿದ ಪ್ರತಿಯನ್ನು ನೋಡಿ ಕಲಿತ ಮಗು ಸಾಹಿತ್ಯವನ್ನು ಒಂದಕ್ಷರ ತಡವಾಗಿ ಎತ್ತಿಕೊಳ್ಳುತ್ತದೆ. ಬಾಯಲ್ಲಿ ಕೂತ ಮೇಲೆ ಅದನ್ನು ತಿದ್ದುವ ಕಷ್ಟ ನಿಮಗೆ ಗೊತ್ತೇ ಇದೆ. ನಾನೇ ಹೊಂದಿಸಿದ ಗೀತೆಗಳ ಪುಸ್ತಿಕೆಯೊಂದು ಹೀಗೆ ಅಚ್ಚಾಗಿ ಬಂದಿತ್ತು. ಮುದ್ರಣಾಲಯದಲ್ಲಿ ಫಾಂಟ್ ಬದಲಾಗಿತ್ತು, ನಾನು ಕೊನೆಯ ಕರಡು ನೋಡಿರಲಿಲ್ಲ. ಅಂದಿನಿಂದ ಟೇಬಲ್ ಹಾಕದೆ ಒಂದು ಸಾಲನ್ನೂ ಹೊಂದಿಸಿಲ್ಲ.

ಪುರಂದರದಾಸರ ಮಲಹರಿ ರಾಗದ ಗೀತೆ ‘ಶ್ರೀ ಗಣನಾಥ’ವನ್ನೇ ತೆಗೆದುಕೊಳ್ಳಿ. ರೂಪಕ ತಾಳ, ಅದರ ಅಂಗಗಳಾದ ದ್ರುತಕ್ಕೆ 2, ಲಘುವಿಗೆ 4, ಒಟ್ಟು 6 ಅಕ್ಷರ, ಎಂದರೆ ತಾಳದ 6 ಎಣಿಕೆ. ಈ ಒಂದು ಸುತ್ತೇ ಆವರ್ತ. ಸಾಲಿಗೆ ಎರಡು ಆವರ್ತದಂತೆ 12 ಕಾಲಮ್ಮಿನ ಟೇಬಲ್ ಮಾಡಿ. ಮೊದಲ ಆವರ್ತಕ್ಕೆ ಮೇಲಿನ ಸಾಲಿನಲ್ಲಿ ಮ, ಪ, ದ, ಸ, ಸ, ರಿ. ಕೆಳಗೆ ಶ್ರೀ, ಅಲ್ಪವಿರಾಮ (ಹಿಂದಿನದನ್ನು ಎಳೆಯುವ ಗುರುತು), ಗ, ಣ, ನಾ, ಥ. ಗೆರೆಗಳನ್ನೆಲ್ಲ ಅಳಿಸಿ, ಎರಡನೆಯ, ಎಂಟನೆಯ ಕಾಲಮ್ಮುಗಳ ಬಲಕ್ಕೆ ಒಂಟಿ ಗೆರೆ, ಆರನೆಯ, ಹನ್ನೆರಡನೆಯವುಗಳ ಬಲಕ್ಕೆ ಜೋಡಿ ಗೆರೆ ಮಾತ್ರ ಉಳಿಸಿದರೆ ಅಂಗವೂ ಆವರ್ತವೂ ತಾವಾಗಿಯೇ ಕಾಣುತ್ತವೆ. ಎರಡನೆಯ ಕಾಲದಲ್ಲಿ, ಎಂದರೆ ಇಮ್ಮಡಿ ವೇಗದಲ್ಲಿ, ಒಂದು ಮನೆಗೆ ಎರಡು ಸ್ವರ, ಅಷ್ಟೇ. ಕಾಲಮ್ಮಿನ ಅಗಲವನ್ನು ಕಟ್ಟಿಹಾಕಿ. ಆಟೊಫಿಟ್ ಹಾಗೇ ಇರಲು ಬಿಟ್ಟರೆ ‘ಶ್ರೀ’ಯ ಮನೆ ಹಿಗ್ಗಿ ಪಕ್ಕದವು ಕುಗ್ಗುತ್ತವೆ. ಸ್ವರದ ಸಾಲಿಗೆ ‘ಕೀಪ್ ವಿತ್ ನೆಕ್ಸ್ಟ್’ ಕೊಡಿ. ಇಲ್ಲದಿದ್ದರೆ ಸ್ವರ ಒಂದು ಪುಟದ ತಳದಲ್ಲಿ, ಸಾಹಿತ್ಯ ಮುಂದಿನ ಪುಟದ ತಲೆಯಲ್ಲಿ.

ಸಾಹಿತ್ಯ ಒಡೆಯುವಾಗ ಎಚ್ಚರ. ‘ಸಿಂಧೂರ ವರ್ಣ’ದ ‘ವರ್ಣ’ ಕಿವಿಗೆ ವರ್ ಮತ್ತು ಣ ಎಂದೇ ಕೇಳಿಸುತ್ತದೆ. ಹಾಗೆಂದು ‘ವರ್’ ಒಂದು ಮನೆಗೆ, ‘ಣ’ ಇನ್ನೊಂದಕ್ಕೆ ಹಾಕಿದರೆ ಅರ್ಕಾವತ್ತು ಹೋಗಿ ಪದದ ಗುರುತೇ ಸಿಗುವುದಿಲ್ಲ. ‘ವ’ ಒಂದರಲ್ಲಿ, ‘ರ್ಣ’ ಮುಂದಿನದರಲ್ಲಿ ಇರಲಿ. ಸೊನ್ನೆ ಮಾತ್ರ ಹಿಂದಿನ ಅಕ್ಷರದ ಜೊತೆಗೇ: ಸಿಂ, ಧೂ. ಸ್ವರಲಿಪಿ ತಂತ್ರಾಂಶ ಮ್ಯೂಸ್‌ಸ್ಕೋರ್‌ನಲ್ಲಿ ಸಾಹಿತ್ಯ ಸೇರಿಸುವವರಿಗೂ ಇದೇ ಮಾತು.

ಸ್ವರ ಮೇಲಿನ ಸ್ಥಾಯಿಯದೋ ಕೆಳಗಿನದೋ ಎಂದು ತೋರಿಸುವ ಚುಕ್ಕೆಗೆ ಯೂನಿಕೋಡ್‌ನಲ್ಲೇ ಮೇಲಿನ, ಕೆಳಗಿನ ಚುಕ್ಕೆಗಳಿವೆ. ‘ರಿ’ಯ ಗುಡಿಸಿನ ಮೇಲೆ ಅದು ಸರಿಯಾಗಿ ಕೂರುತ್ತದೆಯೇ ಎಂದು ಮೊದಲು ಕಾಗದದ ಮೇಲೆ ಅಚ್ಚುಹಾಕಿ ನೋಡಿ. ಕೂರದಿದ್ದರೆ ಸ್ವರದ ಮೇಲೊಂದು ಕಿರಿದಾದ ಸಾಲು ಸೇರಿಸಿ ಚುಕ್ಕೆಯನ್ನು ಅಲ್ಲಿಡಿ. ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳ ಗೊಡವೆ ಬೇಡ. ಅವು ಇಲ್ಲದ ಯಂತ್ರದಲ್ಲಿ ನಿಮ್ಮ ಪಾಠ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ತೆರೆಯುತ್ತದೆ. ಶಿಷ್ಯರಿಗೆ ಕಳುಹಿಸುವುದು ಪಿಡಿಎಫ್ ಮಾತ್ರ.

ಪ್ರಶ್ನೆ: ಪಿಟೀಲು ಭಾಗದ ಸಂಗೀತವನ್ನೆಲ್ಲ ಒಂದೇ ಪುಟಕ್ಕೆ ಹಿಡಿಸಬಹುದೇ?

ಉತ್ತರ: ಸ್ಟಾಫಿನ, ಎಂದರೆ ಸ್ವರ ಬರೆಯುವ ಐದು ಗೆರೆಗಳ, ಎತ್ತರ 7 ಮಿಲಿಮೀಟರಿಗಿಂತ ಇಳಿಯುವುದಾದರೆ ಬೇಡ. ಎರಡು ಪುಟ ಮಾಡಿ, ವಿರಾಮವಿರುವಲ್ಲಿ ಪುಟ ಮುಗಿಸಿ. ನುಡಿಸುವವರು ಬಿಲ್ಲು ಹಿಡಿದ ಕೈಯಲ್ಲೇ ಪುಟ ತಿರುಗಿಸಬೇಕು.

ಪ್ರಶ್ನೆ: ನನ್ನ ಹಳೆಯ ಕಡತಗಳೆಲ್ಲ ಸ್ವರಲಿಪಿ ತಂತ್ರಾಂಶ ಫಿನಾಲೆಯಲ್ಲಿವೆ. ಬೇರೆಡೆಗೆ ಸಾಗಿಸುವ ಅವಸರವಿದೆಯೇ?

ಉತ್ತರ: ಇದೆ. ಅದರ ಅಭಿವೃದ್ಧಿಯನ್ನು ನಿಲ್ಲಿಸುವುದಾಗಿ 2024ರ ಆಗಸ್ಟ್‌ನಲ್ಲೇ ಪ್ರಕಟಿಸಿದ್ದಾರೆ. ತಂತ್ರಾಂಶ ತೆರೆಯುತ್ತಿರುವಾಗಲೇ ಎಲ್ಲವನ್ನೂ ಬೇರೆ ತಂತ್ರಾಂಶಗಳೂ ಓದಬಲ್ಲ ಮ್ಯೂಸಿಕ್‌ಎಕ್ಸ್‌ಎಂಎಲ್ ರೂಪದಲ್ಲೂ ಪಿಡಿಎಫ್‌ನಲ್ಲೂ ಉಳಿಸಿಕೊಳ್ಳಿ.

ಪ್ರಶ್ನೆ: ರೆಕಾರ್ಡಿಂಗ್ ಕೊಟ್ಟರೆ ಕೃತಿಯ ಸ್ವರಲಿಪಿಯನ್ನು ಆ್ಯಪ್ ತಾನೇ ಬರೆಯುತ್ತದೆ ಎನ್ನುತ್ತಾರೆ. ಹಣ ಕಟ್ಟಲೇ?

ಉತ್ತರ: ಕಟ್ಟಬೇಡಿ. ತೋಡಿ ರಾಗದ ಗಾಂಧಾರ (ಗ) ಒಂದೆಡೆ ನಿಲ್ಲದೆ ತೂಗುತ್ತದೆ. ಯಂತ್ರ ಆ ತೂಗಾಟವನ್ನು ಮೂರು ನಾಲ್ಕು ಬಿಡಿ ಸ್ವರಗಳೆಂದು ಬರೆದುಕೊಟ್ಟರೆ, ಅದನ್ನು ತಿದ್ದುವ ಹೊತ್ತಿನಲ್ಲಿ ನೀವೇ ಹಾಡಿಕೊಂಡು ಕೃತಿಯನ್ನು ಬರೆದು ಮುಗಿಸಿರುತ್ತೀರಿ.