ಓದುಗರ ಪ್ರಶ್ನೆ, ನಮ್ಮ ಉತ್ತರ: ಕ್ಲೌಡಿಗೆ ಹೋಗುವ ಕಡತಗಳ ಭದ್ರತೆ

ಪ್ರಶ್ನೆ: ಕಾರ್ಕಳ ಸಮೀಪದ ಗೇರುಬೀಜ ಕಾರ್ಖಾನೆಯೊಂದರಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಪಣಂಬೂರಿನಿಂದ ಸರಕು ಹೊರಟ ದಿನವೇ ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್ ಮುಂತಾದವುಗಳನ್ನು ಇದುವರೆಗೆ ಇಮೇಲಿನಲ್ಲಿ ಕಳುಹಿಸುತ್ತಿದ್ದೆವು. ಈಗ ವಿದೇಶದ ಖರೀದಿದಾರರು ಅವನ್ನೆಲ್ಲ ತಮ್ಮ ಎಸ್‌ಎಫ್‌ಟಿಪಿ ಗೇಟ್‌ವೇಗೆ ಹಾಕಬೇಕೆಂದೂ ಅಲ್ಲಿಂದ ಅವು ಅಮೆಜಾನಿನ ಎಸ್3 ಸಂಗ್ರಹಕ್ಕೆ ಸೇರುತ್ತವೆಂದೂ ಹೇಳುತ್ತಾರೆ. ಇದು ಇಮೇಲಿಗಿಂತ ಭದ್ರವೇ? ಕಡತ ಕಳುಹಿಸುವ ವಿನ್‌ಎಸ್‌ಸಿಪಿ ತಂತ್ರಾಂಶ ಬಳಸಿ ಕಳುಹಿಸಿದಾಗ ಫೈಲು ಹೋದರೂ ಕೊನೆಯಲ್ಲಿ ದೋಷದ ಸಂದೇಶ ಬರುವುದೇಕೆ? ಇಂಥದ್ದನ್ನು ನಾವೇ ಇಟ್ಟುಕೊಳ್ಳಬಹುದೇ?

ಉತ್ತರ: ಗೇಟ್‌ವೇ ಎಂದರೆ ಹೊರಗಿನವರೊಡನೆ ಎಸ್‌ಎಫ್‌ಟಿಪಿ ಎಂಬ ಕಡತ ಸಾಗಣೆಯ ವಿಧಾನದಲ್ಲಿ ವ್ಯವಹರಿಸಿ, ಬಂದ ಕಡತವನ್ನು ಒಳಗಿನ ಕ್ಲೌಡ್ ಸಂಗ್ರಹಕ್ಕೆ ಬರೆದಿಡುವ ಮಧ್ಯವರ್ತಿ. ಅಮೆಜಾನ್ ಈ ಸೇವೆಯನ್ನು 2018ರ ನವೆಂಬರಿನಲ್ಲಿ ಆರಂಭಿಸಿತು. ಹೆಸರು ಹತ್ತಿರವಿದೆಯೆಂದು ಎಸ್‌ಎಫ್‌ಟಿಪಿಯನ್ನು 1971ರಷ್ಟು ಹಳೆಯ ಎಫ್‌ಟಿಪಿಯೆಂದು ಭಾವಿಸಬೇಡಿ; ಅದರಲ್ಲಿ ಪಾಸ್‌ವರ್ಡ್ ಕೂಡ ಬರಿಗಣ್ಣಿಗೆ ಕಾಣುವಂತೆಯೇ ಸಾಗುತ್ತಿತ್ತು. ಎಸ್‌ಎಫ್‌ಟಿಪಿ ಸಾಗುವುದು ಎಸ್‌ಎಸ್‌ಎಚ್ ಎಂಬ ಗುಪ್ತ ಮಾರ್ಗದಲ್ಲಿ. ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡುಗಳನ್ನು ಕದ್ದು ಕೇಳಿದ ಮೇಲೆ ತಾತು ಯ್ಲೋನೆನ್ 1995ರಲ್ಲಿ ಅದನ್ನು ರೂಪಿಸಿದರು. ಆದ್ದರಿಂದ ದಾರಿಯ ಮಟ್ಟಿಗೆ ಇದು ಭದ್ರವೇ; ಪ್ರತಿಯೊಂದು ಅಂಚೆಪೆಟ್ಟಿಗೆಯಲ್ಲೂ ಒಂದೊಂದು ಪ್ರತಿ ಉಳಿಯುವ ಇಮೇಲಿನ ಕಾಟವೂ ಇಲ್ಲ.

ಆದರೆ ನಾನು ಕಂಡಂತೆ ಎಡವಟ್ಟಾಗುವುದು ದಾರಿಯಲ್ಲಲ್ಲ, ಹೊರಡುವ ಮೊದಲು. ಪಾಸ್‌ವರ್ಡಿನ ಬದಲು ಕೀಲಿಜೋಡಿ ಮಾಡಿಕೊಳ್ಳಲು ನಿಮಗೆ ಹೇಳಬಹುದು. ಆ ಜೋಡಿಯಲ್ಲಿ ಸಾರ್ವಜನಿಕ ಕೀಲಿಯನ್ನಷ್ಟೇ ಅವರಿಗೆ ಕೊಡಬೇಕು. ಕೀಲಿ ತಯಾರಿಸುವ ಪುಟ್ಟಿಜೆನ್ ತಂತ್ರಾಂಶದಲ್ಲಿ ಉಳಿಸುವ ಪಿಪಿಕೆ ಕಡತವು ಖಾಸಗಿ ಕೀಲಿಯಾಗಿದ್ದು, ಅದು ನಿಮ್ಮ ಕಂಪ್ಯೂಟರ್ ಬಿಟ್ಟು ಕದಲಬಾರದು; ಕಳುಹಿಸಬೇಕಾದದ್ದು ಆ ತಂತ್ರಾಂಶದ ಮೇಲಿನ ಚೌಕದಲ್ಲಿ ಕಾಣುವ ಉದ್ದನೆಯ ಸಾಲು ಮಾತ್ರ. ಗೊತ್ತಿಲ್ಲದೆ ಪಿಪಿಕೆ ಕಡತವನ್ನೇ ವಾಟ್ಸ್ಯಾಪಿನಲ್ಲಿ ಕಳುಹಿಸಿಬಿಟ್ಟಿದ್ದರೆ, ಸಂಕೋಚಪಡದೆ ಆ ಜೋಡಿಯನ್ನು ರದ್ದುಪಡಿಸಿ ಹೊಸದನ್ನು ಮಾಡಿಕೊಳ್ಳಿ. ಇದಕ್ಕಿಂತಲೂ ಹೆಚ್ಚು ಉಪೇಕ್ಷೆಗೆ ಒಳಗಾಗುವುದು ಮೊದಲ ಸಂಪರ್ಕದಲ್ಲಿ ತೆರೆಯ ಮೇಲೆ ಬರುವ ಸರ್ವರಿನ ಫಿಂಗರ್‌ಪ್ರಿಂಟ್, ಅಂದರೆ ಆ ಸರ್ವರನ್ನು ಗುರುತಿಸುವ ಅಕ್ಷರಗಳ ಸಾಲು. ಎಲ್ಲರೂ ಓದದೆ 'ಹೌದು' ಒತ್ತುತ್ತಾರೆ. ನಡುವೆ ಯಾರೋ ನಕಲಿ ಸರ್ವರ್ ಕೂರಿಸಿದ್ದಾರೆಯೇ ಎಂದು ತಿಳಿಯುವ ಅವಕಾಶ ಅದೇ ಆದ್ದರಿಂದ, ಖರೀದಿದಾರರಿಗೆ ನಿಮಗೆ ಮೊದಲೇ ಪರಿಚಯವಿರುವ ದೂರವಾಣಿ ಸಂಖ್ಯೆಯಲ್ಲಿ ಕರೆ ಮಾಡಿ, ಅಕ್ಷರಗಳನ್ನು ಒಂದೊಂದಾಗಿ ಓದಿ ಹೋಲಿಸಿಕೊಳ್ಳಿ. ಮುಂದೊಂದು ದಿನ ಅದು ಬದಲಾಗಿದೆಯೆಂಬ ಎಚ್ಚರಿಕೆ ಬಂದರೆ ಮತ್ತೆ ಕರೆ ಮಾಡಿದ ಮೇಲೆಯೇ ಕಳುಹಿಸಿ.

ದೋಷದ ಸಂದೇಶಕ್ಕೆ ಬಹುತೇಕ ಕಾರಣ, ಎಸ್3 ನಿಮ್ಮ ಕಂಪ್ಯೂಟರಿನ ಫೋಲ್ಡರಿನಂಥದ್ದಲ್ಲ ಎಂಬುದು. ಬರೆದ ಕಡತದ ದಿನಾಂಕವನ್ನು ಅಲ್ಲಿ ತಿದ್ದಲಾಗುವುದಿಲ್ಲ. ವಿನ್‌ಎಸ್‌ಸಿಪಿ ಮೂಲ ಕಡತದ ವೇಳೆಯನ್ನೇ ಅಲ್ಲಿಯೂ ಇಡಲು ಹೋದಾಗ ಗೇಟ್‌ವೇ ಅದನ್ನು ನಿರಾಕರಿಸುತ್ತದೆ. ಕಡತ ತಲುಪಿರುತ್ತದೆ, ಸಂದೇಶ ಮಾತ್ರ ಹೆದರಿಸುತ್ತದೆ. ವರ್ಗಾವಣೆಯ ಆಯ್ಕೆಗಳಲ್ಲಿ ವೇಳೆಯನ್ನು ಉಳಿಸಿಕೊಳ್ಳುವ ಗುರುತನ್ನು ತೆಗೆದುಬಿಡಿ. ಅಲ್ಲಿಯೇ ಇನ್ನೊಂದನ್ನೂ ನಿಲ್ಲಿಸಿ: 100 ಕಿಲೋಬೈಟಿಗಿಂತ ದೊಡ್ಡ ಕಡತವನ್ನು ಈ ತಂತ್ರಾಂಶ ಮೊದಲು ಫೈಲ್‌ಪಾರ್ಟ್ ಎಂಬ ತಾತ್ಕಾಲಿಕ ಹೆಸರಿನಲ್ಲಿ ಕಳುಹಿಸಿ ಆಮೇಲೆ ಹೆಸರು ಬದಲಿಸುತ್ತದೆ. ಎಸ್3ಯಲ್ಲಿ ಹೆಸರು ಬದಲಿಸುವುದೆಂದರೆ ಹೊಸ ಪ್ರತಿ ಮಾಡಿ ಹಳೆಯದನ್ನು ಅಳಿಸುವುದೇ ಆದ್ದರಿಂದ, ಕಡತ ಬಂದೊಡನೆ ಎತ್ತಿಕೊಳ್ಳುವ ವ್ಯವಸ್ಥೆಯೇನಾದರೂ ಖರೀದಿದಾರರ ಕಡೆ ಇದ್ದರೆ ಅದು ತಾತ್ಕಾಲಿಕ ಹೆಸರಿನ ಹಿಂದೆ ಹೋಗಿ ಗೊಂದಲಕ್ಕೀಡಾಗುತ್ತದೆ.

ನಿಮ್ಮದೇ ಗೇಟ್‌ವೇ ಬೇಡವೆಂದೇ ನನ್ನ ಅಭಿಪ್ರಾಯ. ಅಮೆಜಾನಿನ ಈ ಸೇವೆಗೆ ಅಮೆರಿಕದ ವರ್ಜೀನಿಯಾ ಪ್ರದೇಶದ ದರ ಗಂಟೆಗೆ 0.30 ಡಾಲರ್, 30 ದಿನಕ್ಕೆ 216 ಡಾಲರ್ ಆಯಿತು, ಸಾಗಿದ ಕಡತಗಳ ಶುಲ್ಕ ಬೇರೆ. ಸರ್ವರನ್ನು ನಿಲ್ಲಿಸಿದರೂ ಬಿಲ್ ಓಡುತ್ತಲೇ ಇರುತ್ತದೆ, ಅಳಿಸಿದರೆ ಮಾತ್ರ ನಿಲ್ಲುತ್ತದೆ. ದಿನಕ್ಕೆ ಹತ್ತು ಕಾಗದ ಕಳುಹಿಸುವ ಕಾರ್ಖಾನೆಗೆ ಇದು ಹೊರೆಯೇ ಸರಿ.

ಪ್ರಶ್ನೆ: ಮಂಗಳೂರಿನ ಬಿಜೈಯಲ್ಲಿ ನಮ್ಮದೊಂದು ಸಣ್ಣ ರಕ್ತಪರೀಕ್ಷಾ ಕೇಂದ್ರವಿದೆ. ಗೇಟ್‌ವೇ ಮೂಲಕ ಹೋಗುವ ವರದಿಗಳು ಕ್ಲೌಡಿನಲ್ಲಿ ಹೇಗಿದ್ದರೂ ಎನ್‌ಕ್ರಿಪ್ಟ್ (ಕೀಲಿಯಿಲ್ಲದೆ ಓದಲಾಗದ ಗುಪ್ತರೂಪ) ಆಗಿರುತ್ತವೆಂದ ಮೇಲೆ ನಾವು ಬೇರೆ ಬೀಗ ಹಾಕಬೇಕೇ?

ಉತ್ತರ: ಹಾಕಬೇಕು. 2023ರ ಜನವರಿಯಿಂದ ಎಸ್3ಗೆ ಸೇರುವ ಪ್ರತಿ ಹೊಸ ಕಡತವೂ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ, ನಿಜ. ಆದರೆ ದಾರಿಯ ಬೀಗವನ್ನು ಗೇಟ್‌ವೇಯಲ್ಲಿ ತೆಗೆದು ಸಂಗ್ರಹದ ಬೀಗ ಹಾಕುವ ನಡುವೆ ಕಡತ ತೆರೆದೇ ಇರುತ್ತದೆ. ಸಂಗ್ರಹಕ್ಕೆ ಪ್ರವೇಶವಿರುವ ನೌಕರರಿಗೂ ಅದು ತೆರೆದೇ ಕಾಣುತ್ತದೆ. ರೋಗಿಗಳ ಹೆಸರಿರುವ ವರದಿಗಳನ್ನು, ಕಡತಗಳನ್ನು ಒಂದು ಗಂಟಾಗಿ ಕಟ್ಟುವ 7-ಜಿಪ್ ತಂತ್ರಾಂಶದಲ್ಲಿ ಪಾಸ್‌ವರ್ಡ್ ಹಾಕಿ, ಕಡತಗಳ ಹೆಸರನ್ನೂ ಮುಚ್ಚುವ ಆಯ್ಕೆಯೊಡನೆ ಕಟ್ಟಿ ಕಳುಹಿಸಿ. ಪಾಸ್‌ವರ್ಡನ್ನು ಮಾತ್ರ ಫೋನಿನಲ್ಲಿ ತಿಳಿಸಿ.