ಗರಗಸ ಓದಿದ ಹುಡುಗ

ಪ್ರಶ್ನೆ: ಹಳ್ಳಿಯೊಂದರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ ನಾನು. ಹದಿನಾಲ್ಕು ವರ್ಷದ ಸರ್ವೀಸು, ನಲಿ-ಕಲಿ ತರಗತಿ. ಮೊದಲು ಮಕ್ಕಳ ಜೊತೆ ಹಾಡುತ್ತಾ ಕುಣಿಯುತ್ತಾ ದಿನ ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಈಗ ಬಿಸಿಯೂಟದ ಲೆಕ್ಕ, ಹಾಲು, ಮೊಟ್ಟೆ, ಆನ್‌ಲೈನ್ ಎಂಟ್ರಿ, ಮತದಾರರ ಪಟ್ಟಿ ಇಷ್ಟರಲ್ಲೇ ಮುಗಿಯುತ್ತದೆ. ಹೋದ ವಾರ ಸಿಟ್ಟಿಗೆ ಒಬ್ಬ ಹುಡುಗನ ಸ್ಲೇಟು ಕಿತ್ತು ಎಸೆದುಬಿಟ್ಟೆ. ಮೊನ್ನೆ ಒಂದನೇ ಕ್ಲಾಸಿನವನೊಬ್ಬ ‘ಗರಗಸ’ ಅಂತ ತಾನೇ ಓದಿ, ‘ಮಿಸ್, ಇದು ನಮ್ಮಪ್ಪನ್ ಹತ್ರ ಐತೆ’ ಅಂದ. ಇರಲಿ, ಅದು ಬೇರೆ ಮಾತು. ಭಾನುವಾರ ಸಂಜೆಯಾದರೆ ಅಳು ಬರುತ್ತದೆ. ರಾಜೀನಾಮೆ ಕೊಟ್ಟುಬಿಡಲಾ?

ಉತ್ತರ: ‘ಅದು ಬೇರೆ ಮಾತು’ ಅಂತ ನೀವು ಮುಂದೆ ಹೋಗಿಬಿಟ್ಟಿರಿ ಮೇಡಂ, ನಾನು ಅಲ್ಲೇ ನಿಂತೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಲಿ-ಕಲಿ ಅಂದರೆ ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳಿಗೆ ಹಾಡು, ಆಟ, ಕಾರ್ಡುಗಳಲ್ಲೇ ಕಲಿಸುವ ಪದ್ಧತಿ. ಅದರಲ್ಲಿ ಅ, ಆ, ಇ, ಈ ಅಂತ ಶುರು ಮಾಡುವುದಿಲ್ಲ. ಮೊದಲು ರ, ಗ, ಸ, ದ, ಅ. ಬರೆಯೋಕೆ ಸುಲಭ, ಐದೇ ಅಕ್ಷರಕ್ಕೆ ಸರ, ಅರಸ, ಗರಗಸ ಎಲ್ಲ ಸಿಗುತ್ತವೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಇದು ಶುರುವಾದಾಗ ಕೂತು ಕಾರ್ಡು ತಯಾರಿಸಿದವರು ನಿಮ್ಮಂಥ ಮೇಷ್ಟ್ರು, ಮೇಡಂಗಳೇ. ಕಾರ್ಡಿನ ಮೇಲಿದ್ದ ನಾಲ್ಕು ಅಕ್ಷರ ಆ ಹುಡುಗನಿಗೆ ಮನೆಯ ಮೂಲೆಯಲ್ಲಿರೋ ಗರಗಸವಾಗಿ ಕಂಡಿತಲ್ಲ, ಅದನ್ನು ಕಾಣಿಸಿದ್ದು ಯಾರು?

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಕ್ಕಳ ಮೇಲೆ ಒಂದು ದೂರೂ ಇಲ್ಲ. ಇರುವ ದೂರೆಲ್ಲ ರಿಜಿಸ್ಟರಿನ ಮೇಲೆ. ಪಾಠ ಬೇಜಾರಾದವರು ಹೀಗೆ ಬರೆಯುವುದಿಲ್ಲ.

ಸ್ಲೇಟಿನ ವಿಷಯ ಮಾತ್ರ ಹಗುರವಾಗಿ ಬಿಡೋಕಾಗಲ್ಲ. ಎಲ್ಲರ ಎದುರಿಗೆ ಎಸೆದಿದ್ದರೆ ಎಲ್ಲರ ಎದುರಿಗೇ ‘ನಂದು ತಪ್ಪಾಯ್ತು ಕಣೋ’ ಅನ್ನಿ. ನಾನೂ ಪಾಠ ಮಾಡಿದವಳೇ. ಒಬ್ಬಳ ನೋಟ್‌ಬುಕ್ಕಿನ ಹಾಳೆ ಹರಿದು, ಕ್ಷಮೆ ಕೇಳೋಕೆ ಹದಿನೈದು ದಿನ ಒದ್ದಾಡಿದ್ದೆ. ಕೊನೆಗೆ ಕೇಳಿದರೆ ಅವಳು, ‘ಪರವಾಗಿಲ್ಲ ಮಿಸ್, ಅದರಲ್ಲಿ ತಪ್ಪೇ ಜಾಸ್ತಿ ಇತ್ತು’ ಅಂದಳು!

ಎಂಟ್ರಿ, ಲೆಕ್ಕದಿಂದ ತಪ್ಪಿಸಿಕೊಳ್ಳೋಕಾಗಲ್ಲ, ಸುಳ್ಳು ಸಮಾಧಾನ ಹೇಳಲಾರೆ. ಆದರೆ ಬೆಳಗಿನ ಮೊದಲ ಒಂದು ಗಂಟೆ ಫೋನು ಬೀರುವಿನಲ್ಲಿರಲಿ. ಮುಖ್ಯ ಶಿಕ್ಷಕರಿಗೆ ಮೊದಲೇ ಹೇಳಿಬಿಡಿ. ಗ್ರೂಪಿಗೆ ಬೇಕಾದ ಫೋಟೋ ಆಮೇಲೆ ಹೋದರೂ ಆಕಾಶ ಬೀಳುವುದಿಲ್ಲ. ಸಂಜೆ ಬೀಗ ಹಾಕುವ ಮುಂಚೆ ಒಂದು ಸಾಲು ಬರೆಯಿರಿ: ಇವತ್ತು ಯಾವ ಮಗು ಏನು ಮಾಡಿತು, ಏನಂದಿತು. ಶಾಲೆ ನೋಡೋಕೆ ಬರೋ ಸಿಆರ್‌ಪಿಗೆ ತೋರಿಸೋಕಲ್ಲ. ಅದಕ್ಕೆ ರಟ್ಟು ಹಾಕಬೇಡಿ, ಸಹಿಯೂ ಬೇಡ. ಏನೂ ಹೊಳೆಯದ ದಿನ ಖಾಲಿ ಬಿಡಿ. ತಿಂಗಳ ಕೊನೆಗೆ ತಿರುವಿ ಹಾಕಿದರೆ ಖಾಲಿ ಬಿದ್ದ ದಿನಗಳಲ್ಲಿ ನೀವು ಎಲ್ಲಿದ್ದಿರಿ ಅಂತ ನಿಮಗೇ ತಿಳಿಯುತ್ತದೆ. ಕ್ಲಾಸಿನಲ್ಲೋ, ಕಂಪ್ಯೂಟರ್ ಮುಂದೋ?

ರಾಜೀನಾಮೆ ಬೇಸಿಗೆ ರಜೆವರೆಗೂ ಬೇಡ. ಭಾನುವಾರದ ಅಳು ಉಳಿದ ದಿನಕ್ಕೂ ಹಬ್ಬಿದರೆ, ನಿದ್ದೆ ಕೆಟ್ಟರೆ, 14416ಕ್ಕೆ ಫೋನ್ ಮಾಡಿ. ಅದು ಮನಸ್ಸಿನ ಕಷ್ಟ ಹೇಳಿಕೊಳ್ಳೋಕೆ ಸರ್ಕಾರ ಇಟ್ಟಿರೋ ಸಹಾಯವಾಣಿ, ಟೆಲಿ ಮಾನಸ್ ಅಂತ ಹೆಸರು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅದರಲ್ಲಿ ನಾಚಿಕೆ ಏನೂ ಇಲ್ಲ.

ಅಂದಹಾಗೆ, ಆ ಹುಡುಗನ ಅಪ್ಪ ಮರಗೆಲಸದವರು ಇರಬೇಕು, ಅಲ್ವಾ? ಒಂದು ಶನಿವಾರ ಗರಗಸ ತಗೊಂಡು ಶಾಲೆಗೆ ಬರೋಕೆ ಹೇಳಿ. ಕಾಲು ಅಲ್ಲಾಡೋ ಬೆಂಚು ಒಂದಾದರೂ ನಿಮ್ಮಲ್ಲಿ ಇದ್ದೇ ಇರುತ್ತದೆ.