ಶಾಲಾ ಬಸ್ಸಿಗೆ ಅಪಘಾತವಾದರೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ನಮ್ಮ ಶಾಲೆಯಲ್ಲಿ ಒಂಬತ್ತು ಬಸ್ಸುಗಳಿವೆ. ಅಪಘಾತವಾದರೆ ಚಾಲಕ ಮೊದಲು ಕಚೇರಿಗೆ ಫೋನ್ ಮಾಡಬೇಕೋ, ಪೊಲೀಸರಿಗೋ? ಬಸ್ಸಿನಲ್ಲಿ ಅಂಟಿಸಲು ಒಂದು ಕ್ರಮ ಬೇಕು.
— ಸಾರಿಗೆ ಮೇಲ್ವಿಚಾರಕರು, ದಾವಣಗೆರೆ

ಫೋನಿಗಿಂತ ಮೊದಲು ಅರ್ಧ ನಿಮಿಷದ ಕೆಲಸವಿದೆ. ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ನಾಲ್ಕೂ ಇಂಡಿಕೇಟರ್ ಮಿನುಗಿಸಿ. ಡಿಕ್ಕಿ ಜೋರಾಗಿದ್ದರೆ, ಹೊಗೆ ಅಥವಾ ಡೀಸೆಲ್ ವಾಸನೆ ಬಂದರೆ ಬ್ಯಾಟರಿಯ ಕಟ್‌ಆಫ್ ಸ್ವಿಚ್ಚನ್ನೂ ತಿರುಗಿಸಬೇಕು. ಆ ಸ್ವಿಚ್ ಎಲ್ಲಿದೆ ಎಂದು ಬದಲಿ ಚಾಲಕರಿಗೆ ಗೊತ್ತೇ ಇರುವುದಿಲ್ಲ. ಅದರ ಪಕ್ಕದಲ್ಲಿ ಕೆಂಪು ಬಣ್ಣದಲ್ಲಿ ಬರೆಸಿ.

ಚಾಲಕ ಇದನ್ನು ಮಾಡುವಷ್ಟರಲ್ಲಿ ಆಯಾ ಮಕ್ಕಳನ್ನು ಎಣಿಸಬೇಕು. ಅಪಘಾತದ ಹೊತ್ತಿನಲ್ಲಿ ಬಸ್ಸಿನ ನಿಜವಾದ ಯಜಮಾನಿ ಆಯಾ. ಚಾಲಕನಿಗೇ ಪೆಟ್ಟಾಗಿರಬಹುದು, ಸ್ಟಿಯರಿಂಗ್‌ಗೆ ಸಿಕ್ಕಿಕೊಂಡಿರಬಹುದು. ಆದರೂ ತರಬೇತಿಯೆಲ್ಲ ಚಾಲಕನಿಗೆ ಹೋಗುತ್ತದೆ, ಆಯಾಗೆ ಸಿಗುವುದು ಒಂದು ಸೀರೆ, ಒಂದು ಗುರುತಿನ ಚೀಟಿ. ಇದು ಬದಲಾಗಲೇಬೇಕು.

ಎಣಿಸಬೇಕಾದರೆ ಪಟ್ಟಿ ಬೇಕು. ಜೂನ್‌ನಲ್ಲಿ ಮಾಡಿದ ಪಟ್ಟಿ ಆಗಸ್ಟ್ ಹೊತ್ತಿಗೆ ಸುಳ್ಳಾಗಿರುತ್ತದೆ: ಒಬ್ಬ ಬಸ್ ಬಿಟ್ಟಿರುತ್ತಾನೆ, ಇನ್ನೊಬ್ಬಳು ಅಜ್ಜಿ ಮನೆಯ ಸ್ಟಾಪಿನಲ್ಲಿ ಹತ್ತಿರುತ್ತಾಳೆ. ಪ್ರತಿ ಸ್ಟಾಪಿನಲ್ಲೂ ಹತ್ತಿದವರಿಗೆ, ಇಳಿದವರಿಗೆ ಗುರುತು ಹಾಕಿ, ಕೊನೆಯ ಸ್ಟಾಪು ದಾಟಿದೊಡನೆ ಹಾಳೆಯ ಫೋಟೋ ಕಚೇರಿಗೆ ಹೋಗಬೇಕು.

ಈಗ ಫೋನ್. ಮೊದಲು 112. ರಾಷ್ಟ್ರೀಯ ಹೆದ್ದಾರಿಯಾದರೆ 1033 ಕೂಡ ಇದೆ. ರಸ್ತೆಯ ಹೆಸರು, ಹತ್ತಿರದ ಊರು ಅಥವಾ ಕಿಲೋಮೀಟರ್ ಕಲ್ಲು, ಯಾವ ಊರಿನ ಕಡೆಗೆ ಹೋಗುವ ಬದಿ, ಎಷ್ಟು ಮಕ್ಕಳು, ಎಷ್ಟು ಜನಕ್ಕೆ ಪೆಟ್ಟು, ಒಳಗೆ ಯಾರಾದರೂ ಸಿಕ್ಕಿಕೊಂಡಿದ್ದಾರೆಯೇ ಎಂಬಷ್ಟನ್ನು ಹೇಳಬೇಕು. ಬದಿ ಹೇಳದಿದ್ದರೆ ನಾಲ್ಕು ಪಥದ ಹೆದ್ದಾರಿಯಲ್ಲಿ ಆಂಬುಲೆನ್ಸ್ ಎದುರು ಬದಿಗೆ ಬಂದು ಯೂಟರ್ನ್ ಹುಡುಕುತ್ತ ಹೋಗುತ್ತದೆ. ಕಚೇರಿಗೆ ಕರೆ ಇದಾದ ಮೇಲೆ.

ಮಕ್ಕಳನ್ನು ಕೂಡಲೇ ಇಳಿಸಬೇಕೇ? ಬಸ್ ನೆಟ್ಟಗೆ ನಿಂತಿದ್ದು, ತಗುಲಿದ್ದು ಸಣ್ಣ ಪೆಟ್ಟಾದರೆ, ವಾಹನ ಓಡಾಡುವ ರಸ್ತೆಗಿಂತ ಬಸ್ಸಿನೊಳಗೇ ಮಕ್ಕಳು ಕ್ಷೇಮ. ಬೆಂಕಿ ಅಥವಾ ಹೊಗೆ ಕಂಡರೆ, ಬಸ್ ಜಾರುತ್ತಿದ್ದರೆ ಇಲ್ಲವೇ ನೀರಿಗಿಳಿದಿದ್ದರೆ, ತಿರುವು, ರೈಲ್ವೆ ಗೇಟು, ಮಂಜಿನಂಥ ಕಡೆ ನಿಂತು ಮತ್ತೊಂದು ವಾಹನ ಗುದ್ದುವಂತಿದ್ದರೆ ತಕ್ಷಣ ಇಳಿಸಿ. ಬ್ಯಾಗು ಬಿಟ್ಟು ಇಳಿಯಲಿ. ದೊಡ್ಡ ತರಗತಿಯ ಇಬ್ಬರು ಮೊದಲು ಇಳಿದು ಚಿಕ್ಕವರ ಕೈ ಹಿಡಿಯಲಿ. ಕನಿಷ್ಠ 30 ಮೀಟರ್ ದೂರ, ಗಾಳಿ ಬರುವ ಕಡೆಗೆ, ರಸ್ತೆಯಿಂದ ಪೂರ್ತಿ ಹೊರಗೆ ಕೂರಿಸಿ. ಬಸ್ಸಿನ ಮುಂದುಗಡೆ ಬೇಡ. ಹಿಂದಿನಿಂದ ಲಾರಿ ಗುದ್ದಿದರೆ ಬಸ್ ಮುಂದಕ್ಕೇ ನುಗ್ಗುತ್ತದೆ. ಅಲ್ಲಿ ಮತ್ತೊಮ್ಮೆ ಎಣಿಕೆ.

ಇದಕ್ಕೊಂದು ವಿನಾಯಿತಿ ವಿದ್ಯುತ್ ತಂತಿ. ತಂತಿ ಬಸ್ಸಿನ ಮೇಲೆ ಬಿದ್ದಿದ್ದರೆ ಯಾರೂ ಇಳಿಯಬಾರದು, ಹೊರಗಿನವರು ಮುಟ್ಟಲೂಬಾರದು. 112ಕ್ಕೂ ವಿದ್ಯುತ್ ಸಹಾಯವಾಣಿ 1912ಕ್ಕೂ ತಿಳಿಸಿ, ಕರೆಂಟು ತೆಗೆದರೆಂದು ಖಚಿತವಾಗುವವರೆಗೆ ಒಳಗೇ ಇರಿ.

ಗಾಯಾಳುಗಳಲ್ಲಿ ಜೋರಾಗಿ ಅಳುವ ಮಗುವಿನ ಉಸಿರು ಸರಿಯಿದೆ ಎಂದರ್ಥ. ಮೊದಲು ಸುಮ್ಮನೆ ಕುಳಿತ, ಒರಗಿದ ಮಗುವಿನ ಹತ್ತಿರ ಹೋಗಿ. ರಕ್ತ ಸುರಿಯುವ ಕಡೆ ಶುದ್ಧ ಬಟ್ಟೆಯಿಟ್ಟು ಬಿಡದೆ ಒತ್ತಿ, ನಿಂತಿತೇ ಎಂದು ಪದೇಪದೇ ತೆಗೆದು ನೋಡಬೇಡಿ. ಚುಚ್ಚಿಕೊಂಡ ಗಾಜನ್ನು ಕೀಳಬೇಡಿ. ಕುತ್ತಿಗೆ ನೋವು, ಕೈಕಾಲು ಜೋಮು ಎಂದರೆ ಅಲುಗಿಸದೆ ತಲೆಯನ್ನು ಎರಡೂ ಕೈಯಿಂದ ಹಿಡಿದಿರಿ. ಪ್ರಜ್ಞೆಯಿಲ್ಲದೆ ಉಸಿರಾಡುತ್ತಿರುವ ಮಗುವನ್ನು ತಲೆ, ಕುತ್ತಿಗೆ, ಬೆನ್ನು ಒಂದೇ ನೇರಕ್ಕೆ ಇರುವಂತೆ ಮಗ್ಗುಲಿಗೆ ಹೊರಳಿಸಿ. ನೋಡಲು ಬಂದ ಜನ ಪ್ರೀತಿಯಿಂದ ನೀರು ಕುಡಿಸುತ್ತಾರೆ, ತಡೆಯಿರಿ. ವಾಂತಿಯಾಗಿ ಶ್ವಾಸನಾಳಕ್ಕೆ ಹೋಗಬಹುದು, ಶಸ್ತ್ರಚಿಕಿತ್ಸೆಗೂ ತೊಡಕಾಗುತ್ತದೆ.

ಅಪಘಾತವಾದರೆ ಜನ ಮೊದಲು ಚಾಲಕನಿಗೆ ಹೊಡೆಯುತ್ತಾರೆ. ಅಲ್ಲಿಂದ ಹೋಗಿಬಿಟ್ಟರೆ ಓಡಿಹೋದ ಕೇಸಾಗುತ್ತದೆಯೇ?
— ಶಾಲಾ ಬಸ್ ಚಾಲಕ, ಹೊಸಪೇಟೆ

ನಿಮ್ಮ ಭಯವನ್ನು ಕಾನೂನೂ ಬಲ್ಲದು. ಮೋಟಾರು ವಾಹನ ಕಾಯ್ದೆಯ 134ನೇ ಕಲಮಿನ ಪ್ರಕಾರ ಗಾಯಾಳುವಿಗೆ ಚಿಕಿತ್ಸೆ ಕೊಡಿಸಲು ನೆರವಾಗುವುದು ಚಾಲಕನ ಕರ್ತವ್ಯ. ಆದರೆ ಉದ್ರಿಕ್ತ ಜನರಿಂದಾಗಿ ಅದು ಸಾಧ್ಯವಾಗದಿದ್ದರೆ ವಿನಾಯಿತಿಯಿದೆ ಎಂದು ಅದೇ ಕಲಮು ಹೇಳುತ್ತದೆ. ಅಂಥ ಸಂದರ್ಭದಲ್ಲಿ ಮನೆಗೋ ನೆಂಟರ ಊರಿಗೋ ಹೋಗದೆ ನೇರವಾಗಿ ಹತ್ತಿರದ ಠಾಣೆಗೆ ಹೋಗಿ, ನಡೆದದ್ದನ್ನೂ ಸ್ಥಳದಲ್ಲಿ ನಿಲ್ಲಲಾಗದ ಕಾರಣವನ್ನೂ ಹೇಳಿ. ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ. ದಾರಿಯಲ್ಲೇ 112ಕ್ಕೆ ಕರೆ ಮಾಡಿದರೆ ಕರೆಯ ಸಮಯವೇ ನಿಮ್ಮ ಸಾಕ್ಷಿ. ಮದ್ಯ ತಪಾಸಣೆಗೆ ಹಿಂಜರಿಯಬೇಡಿ, ಕುಡಿಯದ ಚಾಲಕನಿಗೆ ಅದರಷ್ಟು ಗಟ್ಟಿ ರಕ್ಷಣೆ ಬೇರೆಯಿಲ್ಲ.

ಶಾಲೆಯವರಿಗೂ ಒಂದು ಮಾತು: ಪೆಟ್ಟಾಗದಿದ್ದರೂ ಆ ದಿನ ಅದೇ ಚಾಲಕನನ್ನು ಮತ್ತೆ ಸ್ಟಿಯರಿಂಗ್ ಮುಂದೆ ಕೂರಿಸಬೇಡಿ.

ನಮ್ಮ ಮಕ್ಕಳ ಬಸ್ ನಾಲೆ ಏರಿಯ ಮೇಲೆ ಹೋಗುತ್ತದೆ. ಹಿಂದಿನ ತುರ್ತು ಬಾಗಿಲಿಗೆ ಅಡ್ಡವಾಗಿ ಸೀಟು ಹಾಕಿದ್ದಾರೆ. ಕೇಳಿದರೆ "ಕಿಟಕಿ ಇದೆಯಲ್ಲ" ಎನ್ನುತ್ತಾರೆ.
— ಪೋಷಕರು, ಪಾಂಡವಪುರ ತಾಲ್ಲೂಕು

ಕಿಟಕಿಗಳಿಗೆ ಅಡ್ಡಕಂಬಿ ಇರುತ್ತದೆ. ಕೈ, ತಲೆ ಹೊರಗೆ ಹಾಕದಿರಲೆಂದು ಹಾಕಿಸಿದ ಆ ಕಂಬಿಯೇ ಅಪಘಾತದಲ್ಲಿ ದಾರಿ ಮುಚ್ಚುತ್ತದೆ. ಆದ್ದರಿಂದಲೇ ಶಾಲಾ ಬಸ್ಸಿಗೆ ತುರ್ತು ಬಾಗಿಲು ಪ್ರಾಣದಷ್ಟು ಮುಖ್ಯ. ಬಸ್ ಎಡಮಗ್ಗುಲಿಗೆ ಬಿದ್ದರೆ ಹತ್ತುವ ಬಾಗಿಲು ಕೆಳಗೆ ಸಿಕ್ಕಿಕೊಳ್ಳುತ್ತದೆ. 2018ರ ನವೆಂಬರ್‌ನಲ್ಲಿ ನಿಮ್ಮದೇ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ ವಿ.ಸಿ. ನಾಲೆಗೆ ಉರುಳಿ 30 ಜನ ಸತ್ತದ್ದನ್ನು ಕಂಡ ಸೀಮೆಯಲ್ಲಿ ತುರ್ತು ಬಾಗಿಲಿಗೆ ಸೀಟು ಅಡ್ಡ ಇಡುವುದು ಅಕ್ಷಮ್ಯ. ಸೀಟಿನ ಫೋಟೋ, ಬಸ್ಸಿನ ನಂಬರು ಸಮೇತ ಶಾಲೆಗೂ ಆರ್‌ಟಿಒಗೂ ಬರವಣಿಗೆಯಲ್ಲಿ ದೂರು ಕೊಡಿ.

ಸೀಟು ತೆಗೆಸಿದರಷ್ಟೇ ಸಾಲದು. ತಿಂಗಳುಗಟ್ಟಲೆ ತೆರೆಯದ ಬಾಗಿಲಿನ ಕೀಲು ತುಕ್ಕು ಹಿಡಿಯುತ್ತದೆ, ರಬ್ಬರು ಅಂಟಿಕೊಳ್ಳುತ್ತದೆ. ವಾರಕ್ಕೊಮ್ಮೆ ಆಯಾ ತಾನೇ ಒಳಗಿನಿಂದ ತೆರೆದು ನೋಡಬೇಕು. ಆಕೆಯ ಕೈಗೆ ಬಗ್ಗದ ಹಿಡಿಕೆ ಮಕ್ಕಳ ಕೈಗೂ ಬಗ್ಗುವುದಿಲ್ಲ. ಸುತ್ತಿಗೆಯಿಂದ ಒಡೆಯುವುದಾದರೆ ಪಕ್ಕದ ಗಾಜಿನ ಮೂಲೆಗೆ ಹೊಡೆಯಬೇಕು, ನಡುವೆ ಹೊಡೆದರೆ ಪೆಟ್ಟು ಪುಟಿಯುತ್ತದೆ. ಮುಂದಿನ ಗಾಜು ಪದರದ್ದು, ಬಿರುಕು ಬಿಡುತ್ತದೆಯೇ ಹೊರತು ಉದುರುವುದಿಲ್ಲ. ಹಳೆಯ ಬಸ್ಸುಗಳಲ್ಲಿ ಅದು ರಬ್ಬರ್ ಬೀಡಿಂಗಿನಲ್ಲಿ ಕೂತಿದ್ದರೆ ಮೂಲೆಯಲ್ಲಿ ಎರಡೂ ಕಾಲಿನಿಂದ ಒದ್ದು ಹೊರತಳ್ಳಬಹುದು.

ಬಸ್ ಎಲ್ಲೋ ಗುದ್ದಿತಂತೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಾಗ ಶಾಲೆಯ ಫೋನು ಎಂಗೇಜ್. ಶಾಲೆಯವರು ಹೇಗೆ ತಿಳಿಸಬೇಕು?
— ತಾಯಿಯೊಬ್ಬರು, ಮೈಸೂರು

ಎರಡನೇ ಎಣಿಕೆ ಮುಗಿದ ಕೂಡಲೇ ಆ ಬಸ್ಸಿನ ಪೋಷಕರಿಗೆ ಮಾತ್ರ ಒಂದು ಸಂದೇಶ ಹೋಗಬೇಕು: ಎಲ್ಲಿ, ಎಷ್ಟು ಹೊತ್ತಿಗೆ ಆಯಿತು, ಬಸ್ಸಿನಲ್ಲಿ ಎಷ್ಟು ಮಕ್ಕಳಿದ್ದರು, ಯಾವ ಆಸ್ಪತ್ರೆ, ನೀವು ಬರಬೇಕಾದದ್ದು ಎಲ್ಲಿಗೆ, ಮುಂದಿನ ಸಂದೇಶ ಎಷ್ಟು ಗಂಟೆಗೆ. ಗಾಯವಾದ ಮಗುವಿನ ಮನೆಗೆ ಮಾತ್ರ ಸಂದೇಶ ಸಾಲದು, ಅದಕ್ಕೂ ಮೊದಲೇ ಕರೆ ಹೋಗಬೇಕು. ಎಣಿಸುವ ಮುಂಚೆ "ಎಲ್ಲರೂ ಸುರಕ್ಷಿತ" ಎಂದು ಬರೆಯುವುದು ದೊಡ್ಡ ತಪ್ಪು. ಆಮೇಲೆ ನಿಜವನ್ನು ಹೇಳಿದರೂ ಯಾರೂ ನಂಬುವುದಿಲ್ಲ.

ಪೋಷಕರು ಚಾಲಕನಿಗಾಗಲಿ ಆಯಾಗಾಗಲಿ ಕರೆ ಮಾಡಬೇಡಿ. ಅವರ ಫೋನಿಗೆ ಆಂಬುಲೆನ್ಸಿನವರ ಕರೆ ಬರಬೇಕು. ಮಗುವನ್ನು ಕರೆದುಕೊಂಡು ಹೋಗುವಾಗ ಸಹಿ ಹಾಕಿಯೇ ಹೋಗಿ. ಸಹಿಯಿಲ್ಲದೆ ಹೊರಟರೆ ನಿಮ್ಮ ಮಗುವಿಗಾಗಿ ಹುಡುಕಾಟ ನಡೆಯುತ್ತದೆ. ಪೆಟ್ಟು ಕಾಣದಿದ್ದರೂ ವೈದ್ಯರಿಗೆ ತೋರಿಸಿ. ತಲೆಗೆ ತಗುಲಿದ್ದರೆ ಎರಡು ದಿನ ಗಮನವಿರಲಿ. ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಮಂಪರು, ಹೆಚ್ಚುವ ತಲೆನೋವು, ಕಣ್ಣಿನ ಪಾಪೆಗಳಲ್ಲಿ ಒಂದು ದೊಡ್ಡದು ಒಂದು ಚಿಕ್ಕದು ಕಂಡರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ.

ಪೊಲೀಸ್ ಮತ್ತು ಇನ್ಶೂರೆನ್ಸ್ ಕೆಲಸದಲ್ಲಿ ಬಸ್ ಮಾಲೀಕರು ಎಡವುವುದೆಲ್ಲಿ?
— ಗುತ್ತಿಗೆ ಬಸ್ ಮಾಲೀಕರು, ತುಮಕೂರು

ಹೆಚ್ಚಾಗಿ ಕ್ಯಾಮೆರಾದಲ್ಲಿ. ಕ್ಯಾಮೆರಾದ ದೃಶ್ಯ ದಾಖಲಿಸುವ ಡಿವಿಆರ್ ಪೆಟ್ಟಿಗೆ ತುಂಬಿದಂತೆ ಹಳೆಯ ದೃಶ್ಯದ ಮೇಲೆ ಹೊಸದು ಕೂರುತ್ತದೆ. ಬಸ್ಸನ್ನು ಸಾಗಿಸುವ ಮುನ್ನವೇ ರೆಕಾರ್ಡಿಂಗ್ ನಿಲ್ಲಿಸಿ, ಡಿವಿಆರ್ ಪೊಲೀಸರ ವಶಕ್ಕೆ ಹೋಗುವುದಾದರೆ ಮಹಜರಿನಲ್ಲಿ ಬರೆಸಿ. ಜಿಪಿಎಸ್ ದಾಖಲೆಯನ್ನು ಅಂದೇ ಇಳಿಸಿಟ್ಟುಕೊಳ್ಳಿ. ಗಾಯಾಳುಗಳಿಗಾಗಿ ಬಸ್ ಸರಿಸಲೇಬೇಕಾದರೆ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆದು, ಚಕ್ರ ನಿಂತ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಆರ್‌ಟಿಒ ಇನ್‌ಸ್ಪೆಕ್ಟರ್ ಬ್ರೇಕ್ ಪರೀಕ್ಷಿಸುವವರೆಗೆ ಮೆಕ್ಯಾನಿಕ್ ಬಸ್ ಮುಟ್ಟಬಾರದು. ಗೇರೇಜಿಗೆ ಬಿಟ್ಟು ರಿಪೇರಿ ಮಾಡಿಸಿದರೆ, ಬ್ರೇಕ್ ಸರಿಯಿತ್ತು ಎಂದು ತೋರಿಸಲು ನಿಮ್ಮ ಬಳಿ ಏನೂ ಉಳಿಯುವುದಿಲ್ಲ.

ಪೊಲೀಸರು 48 ಗಂಟೆಯೊಳಗೆ ಪ್ರಥಮ ಅಪಘಾತ ವರದಿಯನ್ನು, 90 ದಿನದೊಳಗೆ ವಿವರ ವರದಿಯನ್ನು ಅಪಘಾತ ಪರಿಹಾರ ತೀರ್ಮಾನಿಸುವ ಕ್ಲೇಮ್ಸ್ ಟ್ರಿಬ್ಯೂನಲ್‌ಗೆ ಕೊಡಬೇಕು. ಆರ್‌ಸಿ, ಎಫ್‌ಸಿ, ಪರ್ಮಿಟ್, ಇನ್ಶೂರೆನ್ಸ್, ಚಾಲಕನ ಡಿಎಲ್ ಎಲ್ಲದರ ಪ್ರತಿ ಕಚೇರಿಯಲ್ಲೂ ಇರಲಿ, ಬಸ್ಸಿನ ಡ್ಯಾಶ್‌ಬೋರ್ಡಿನಲ್ಲಿ ಮಾತ್ರ ಬೇಡ. ವಿಮಾ ಕಂಪನಿಗೆ ಪಾಲಿಸಿ ನಂಬರು, ದಿನ, ಹೊತ್ತು, ಸ್ಥಳ, ಗಾಯಾಳುಗಳು, ಚಾಲಕನ ಹೆಸರು ಮತ್ತು ಲೈಸೆನ್ಸ್ ವಿವರ ಸಹಿತ ಬರವಣಿಗೆಯಲ್ಲಿ ತಿಳಿಸಿ.

ಹೆಚ್ಚುವರಿ ಮಕ್ಕಳನ್ನು ತುಂಬುವವರು ಇದನ್ನು ಓದಲೇಬೇಕು. ಅನುಮತಿಸಿದ ಸಂಖ್ಯೆಗಿಂತ ಹೆಚ್ಚು ಜನರಿದ್ದರೆ ವಿಮಾ ಕಂಪನಿಯ ಹೊಣೆ ಆ ಸಂಖ್ಯೆಯಷ್ಟು ಜನರ ಪರಿಹಾರಕ್ಕೆ ಮಾತ್ರ, ಉಳಿದದ್ದು ಮಾಲೀಕನದು ಎಂದು ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ.

ಗಾಯಗೊಂಡ ಮಗುವಿನ ಚಿಕಿತ್ಸೆಗೆ ಮುಂಗಡ ಕಟ್ಟಬೇಕೆ?
— ಓದುಗರು, ಶಿರಸಿ

2025ರಲ್ಲಿ ಕೇಂದ್ರ ಸರ್ಕಾರ ಜಾರಿಗೆ ತಂದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ, ಅಪಘಾತವಾದ ದಿನದಿಂದ 7 ದಿನಗಳವರೆಗೆ ಒಬ್ಬರಿಗೆ ₹1.5 ಲಕ್ಷದವರೆಗೆ ಮುಂಗಡವಿಲ್ಲದೆ ಚಿಕಿತ್ಸೆ ಸಿಗುತ್ತದೆ. ಇದು ಗುರುತಿಸಿದ ಆಸ್ಪತ್ರೆಗಳಲ್ಲಿ. ಬೇರೆ ಆಸ್ಪತ್ರೆಯಲ್ಲಾದರೆ ಪ್ರಾಣಾಪಾಯ ತಪ್ಪಿಸಿ ಸ್ಥಿರಗೊಳಿಸುವ ಮಟ್ಟಿಗೆ. ದಾಖಲು ಮಾಡುವಾಗಲೇ "ರಸ್ತೆ ಅಪಘಾತ" ಎಂದು ಬರೆಸಿ, ಪೊಲೀಸರಿಗೆ ಮಾಹಿತಿ ಹೋಗಿದೆಯೇ ಎಂದು ಕೇಳಿ. ಪರಿಹಾರದ ಅರ್ಜಿಗೆ ಅಪಘಾತದ ದಿನದಿಂದ ಆರು ತಿಂಗಳ ಗಡುವಿದೆ.